ಸೆಮಿನರಿಯ ಮಾಡೂ ಹಿಡಿಸೂಡಿಯೂ

ಸೆಮಿನರಿ ಎಂಬ ಮಾತಿನ ಮೂಲ ಲ್ಯಾಟಿನ್ನಿನ 'ಸೆಮಿನಾರಿಯುಂ'. ಅರ್ಥ ಸಸಿಮಡಿ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಿತ್ತಿನ ಅಡಿಕೆಯನ್ನು ಮರಳಿನಲ್ಲಿ ಮೊಳಕೆಗಿಟ್ಟು, ತೊಟ್ಟೆಗೆ ಬದಲಿಸಿ, ಮೇಲೆ ಮಡಲಿನ ನೆರಳು ಕೊಟ್ಟು, ವರ್ಷ ಒಂದೂವರೆ ವರ್ಷ ಕಾದು ತೋಟಕ್ಕೆ ಇಳಿಸುವ ಊರು ನಮ್ಮದು. 1563ರಲ್ಲಿ ಕೆಥೋಲಿಕರ ಟ್ರೆಂಟ್ ಮಹಾಸಭೆ ಪ್ರತಿ ಧರ್ಮಪ್ರಾಂತ್ಯವೂ ಗುರುಗಳನ್ನು ತಯಾರು ಮಾಡಲು ಒಂದು ಮನೆ ಇಟ್ಟುಕೊಳ್ಳಬೇಕೆಂದು ನಿರ್ಣಯಿಸಿದಾಗ ಆ ಮನೆಗೆ ಈ ಹೆಸರನ್ನೇ ಕೊಟ್ಟಿತು. ಕನ್ನಡದ ಕೆಥೋಲಿಕರು ಗುರುಮಠ ಎನ್ನುತ್ತಾರೆ. ಗಂಭೀರವಾದ ಪದ, ಆದರೆ ಬುಟ್ಟಿ, ಗೊಬ್ಬರ, ನೀರಿನ ವಾಸನೆ ಅದಕ್ಕಿಲ್ಲ. ಸಸಿಮಡಿ ಎಂದರೆ ದಿನಾ ಬೆಳಗ್ಗೆ ಯಾರೋ ಒಬ್ಬರು ಹೋಗಿ ನೋಡಬೇಕು ಎಂದೇ ಅರ್ಥ. ನೋಡದಿದ್ದರೆ ಎರಡೇ ವಾರದಲ್ಲಿ ಗೊತ್ತಾಗುತ್ತದೆ.

ಸೆಮಿನರಿಯ ಕಟ್ಟಡಕ್ಕೂ ಇದೇ ಮಾತು. ಕರಾವಳಿಯ ಹಳೆಯ ಸೆಮಿನರಿ ನಿಂತಿರುವುದು ಕಲ್ಲು, ಹಂಚು, ಮರಗಳ ಗಟ್ಟಿತನದಿಂದ ಎಂದು ತಿಳಿಯುವವರಿದ್ದಾರೆ. ನಿಜಕ್ಕೂ ಅದನ್ನು ನಿಲ್ಲಿಸಿರುವುದು ಒಳಗಿರುವವರ ದಿನಚರಿ. ಗಂಟೆ, ಪೊರಕೆ, ಅಡುಗೆಯ ಹೊಗೆ, ತೆರೆದು ಮುಚ್ಚುವ ಕಿಟಕಿ ಇವು ನಿಂತ ಮೇಲೆ ಕಟ್ಟಡ ಎಷ್ಟು ಮಳೆಗಾಲ ತಡೆದೀತು ಎಂದು ಬೆರಳಲ್ಲಿ ಎಣಿಸಬಹುದು.

ಮಂಗಳೂರಿನ ಸೆಮಿನರಿಯ ವಿಷಯ ಕಾಸರಗೋಡಿನವರಿಗೆ ಏಕೆ ಎಂದರೆ, 1956ರ ನವೆಂಬರ್ 1ರಂದು ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು, ಇಗರ್ಜಿಗಳು (ಚರ್ಚುಗಳು) ಹೋಗಲಿಲ್ಲ. ಮಂಜೇಶ್ವರ, ಕಯ್ಯಾರು, ಬೇಳದ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದವೇ. ಹಾಗಾಗಿ ಇಲ್ಲಿನ ಹುಡುಗ ಗುರುವಾಗಲು ಹೊರಟರೆ ರೈಲು ಹತ್ತುವುದು ಉತ್ತರಕ್ಕೆ. ನೇತ್ರಾವತಿ ಸೇತುವೆ ದಾಟಿದ ಕೂಡಲೇ ಸಿಗುವುದು ಜೆಪ್ಪು ಸೀಮೆ. ಅಲ್ಲಿನ ಸಂತ ಜೋಸೆಫರ ಸೆಮಿನರಿ 1879ರದು. ಇಟಲಿಯ ಜೆಸುಯಿಟರು ಮಂಗಳೂರಿಗೆ ಬಂದಿಳಿದದ್ದು 1878ರ ಕೊನೆಯ ದಿನ. ಮರುವರ್ಷವೇ ಸೆಮಿನರಿ ಶುರುವಾಯಿತು.

ಊರಿನ ಇನ್ನೊಂದು ಸೆಮಿನರಿ ಇರುವುದು ಬಲ್ಮಠದ ಗುಡ್ಡದಲ್ಲಿ. 1834ರಲ್ಲಿ ಬಂದ, ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು 1847ರಲ್ಲಿ ಆರಂಭಿಸಿದ ದೇವಜ್ಞಾನ ಶಾಲೆಯನ್ನೂ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯನ್ನೂ 1965ರಲ್ಲಿ ಕೂಡಿಸಿ ಆದದ್ದು ಕರ್ನಾಟಕ ಥಿಯಾಲಜಿಕಲ್ ಕಾಲೇಜು. ದೇವಜ್ಞಾನದ ಪದವಿ ಕೊಡುವ ಸೆರಾಂಪುರದ ಸೆನೆಟ್ಟಿಗೆ ಸೇರಿದ ಸಂಸ್ಥೆ, ಆದರೆ ದೇವಜ್ಞಾನವನ್ನು ಕನ್ನಡದಲ್ಲೇ ಕಲಿಸುತ್ತದೆ. ಮಲಯಾಳದ ನಡುವೆ ಕನ್ನಡ ಶಾಲೆ ಉಳಿಸಿಕೊಳ್ಳಲು ಒದ್ದಾಡುವ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ. ಗ್ರೀಕ್, ಹೀಬ್ರೂ ವ್ಯಾಕರಣವನ್ನು ಕನ್ನಡದಲ್ಲಿ ವಿವರಿಸುವ ತರಗತಿಗಳು ಬೇರೆಲ್ಲೂ ಅಷ್ಟಾಗಿ ಸಿಗುವುದಿಲ್ಲ.

ಎರಡು ಪಂಗಡ, ಎರಡು ಬಗೆಯ ಬದುಕು. ಕೆಥೋಲಿಕ್ ಸೆಮಿನರಿಯಲ್ಲಿ ಎಲ್ಲರೂ ಬ್ರದರ್‌ಗಳು, ಬ್ರಹ್ಮಚಾರಿಗಳು, ಒಂದೇ ಊಟದ ಮನೆ. ಪ್ರೊಟೆಸ್ಟೆಂಟರ ಕಡೆ ಅಯ್ಯನವರು (ಪಾಸ್ಟರು) ಆಗಲಿರುವವರಲ್ಲಿ ಮದುವೆಯಾದವರೂ ಹೆಣ್ಣುಮಕ್ಕಳೂ ಇರುತ್ತಾರೆ. ಅಂಥ ಕ್ಯಾಂಪಸ್ಸಿನಲ್ಲಿ ಸಂಸಾರದ ಮನೆಗಳು, ಬಟ್ಟೆ ಒಣಗಿಸುವ ಹಗ್ಗ, ಮಕ್ಕಳ ಸೈಕಲ್ಲು. ಆದರೆ ಈ ಕರಾವಳಿಯಲ್ಲಿ ಆ ಕಾಲದವರು ಏನೇ ಕಟ್ಟಿದರೂ ಸಾಮಾನು ಒಂದೇ: ಗೋಡೆಗೆ ಕೆಂಪುಕಲ್ಲು, ಮೇಲೆ ಮಂಗಳೂರು ಹಂಚು, ನಡುವೆ ಸುಣ್ಣ ಮತ್ತು ಮರ. ಸೋರುವ ಬಗೆಯೂ ಒಂದೇ.

ಮೊದಲು ಕಲ್ಲು. ಮುರಕಲ್ಲು, ಅಂದರೆ ಈ ಕೆಂಪುಕಲ್ಲು, ಕಾಸರಗೋಡಿನ ಸೊತ್ತು. ಬೇಕಲದ ಕೋಟೆ ಇದರದೇ. ನೆಲದಡಿ ಇರುವಾಗ ಕೊಯ್ಯಬಹುದಾದಷ್ಟು ಮೆದು, ಗಾಳಿ ಬಿಸಿಲು ಕಂಡ ಮೇಲೆ ಗಟ್ಟಿ. ಈಗ ಯಂತ್ರ ಕೊಯ್ದು ಕೊಡುವ ಕಲ್ಲು ಸುಮಾರು 15 ಇಂಚು ಉದ್ದ, 9 ಇಂಚು ಅಗಲ, 7 ಇಂಚು ಎತ್ತರ, ತೂಕ 30 ಕಿಲೋದ ಆಸುಪಾಸು. ಹಳೆಯ ಕಟ್ಟಡದ ಕಲ್ಲು ಇದಕ್ಕಿಂತ ದೊಡ್ಡದು, ಕೈಯಲ್ಲಿ ಕೊಡಲಿ ಹಿಡಿದು ಕೆತ್ತಿದ್ದು, ಎರಡು ಕಲ್ಲು ಒಂದೇ ಅಳತೆಗೆ ಸಿಗುವುದಿಲ್ಲ. ಕಲ್ಲಿನ ಮೈತುಂಬ ತೂತು, ತೂತಿನೊಳಗೆ ಸೇಡಿ ಎಂಬ ಮೆದು ಜೇಡಿಮಣ್ಣು. ಸೇಡಿ ಹೆಚ್ಚಿದ್ದರೆ ಕಲ್ಲು ಕೆಟ್ಟದ್ದು. ಸುತ್ತಿಗೆಯಲ್ಲಿ ತಟ್ಟಿದಾಗ ಟಣ್ ಎನ್ನಬೇಕು, ದೊಬ್ ಎಂದರೆ ಬದಿಗಿಡಬೇಕು. ಅನುಭವಸ್ಥ ಮೇಸ್ತ್ರಿಗಳು ಕೊಯ್ದ ಕಲ್ಲನ್ನು ಒಂದು ಮಳೆಗಾಲ ಹೊರಗೇ ಬಿಡುತ್ತಿದ್ದರು. ಸಡಿಲ ಸೇಡಿ ತೊಳೆದುಹೋಗುತ್ತದೆ, ಸೋಲುವ ಕಲ್ಲು ಗೋಡೆಗೆ ಏರುವ ಮೊದಲೇ ಸೋಲುತ್ತದೆ.

ಈ ಕಲ್ಲು ನೀರು ಕುಡಿಯುತ್ತದೆ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಗುಡ್ಡಕ್ಕೆ ಅಡ್ಡಲಾಗಿ ಸುರಂಗ ತೋಡಿ ನೀರು ತೆಗೆಯುವವರಿಗೆ ಅದು ವರ. ಗೋಡೆಗೆ ಅದೇ ಶಾಪ. ನೀರು ಕುಡಿದ ಕಲ್ಲಿನ ಬಲ ಇಳಿಯುತ್ತದೆ. ಆದರೆ ಕುಡಿದದ್ದನ್ನು ಉಸಿರಾಗಿ ಬಿಡಲು ಅವಕಾಶ ಕೊಟ್ಟರೆ ಡಿಸೆಂಬರ್ ಹೊತ್ತಿಗೆ ಮತ್ತೆ ಒಣಗಿ ಗಟ್ಟಿಯಾಗುತ್ತದೆ. ಸುಣ್ಣದ ಗಾರೆ ಆ ಅವಕಾಶ ಕೊಡುತ್ತದೆ, ಸಿಮೆಂಟು ಕೊಡುವುದಿಲ್ಲ.

ನೂರು ವರ್ಷದ ಗೋಡೆಯಲ್ಲಿ ಗಾರೆ ಉದುರಿದೆ ಎಂದು ಸಿಮೆಂಟು ಬಳಿದಲ್ಲಿ ಆಗುವುದನ್ನು ಹೀಗೆ ನೋಡಬಹುದು. ಮೊದಲ ವರ್ಷ ಗೋಡೆ ನುಣುಪಾಗಿ ಚೆಂದ. ನೆಲದಿಂದ ಏರುವ ಪಸೆ ಮೊದಲು ಎರಡು ಮೂರು ಅಡಿಯಲ್ಲೇ ಆವಿಯಾಗಿ ಹೋಗುತ್ತಿತ್ತು. ಈಗ ದಾರಿ ಕಟ್ಟಿದ್ದರಿಂದ ಸಿಮೆಂಟಿನ ಹಿಂದೆಯೇ ಮೇಲೇರಿ, ಎದೆಯೆತ್ತರದಲ್ಲಿ ಹೊಸ ಕಲೆಯಾಗಿ ಕಾಣಿಸುತ್ತದೆ. ಜತೆಗೆ ಬಂದ ಉಪ್ಪು ಬಿಳಿ ಹಿಟ್ಟಾಗಿ ಹೊರಗಿಣುಕುತ್ತದೆ. ನಾಲ್ಕೈದು ಮಳೆಗಾಲ ಕಳೆದ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿದರೆ ಡೊಳ್ಳಿನ ಸದ್ದು. ಆ ತೇಪೆ ಕಿತ್ತರೆ ಸಿಮೆಂಟು ಹಲಗೆಯಂತೆ ಇಡಿಯಾಗಿ ಬರುತ್ತದೆ, ಹಿಂದಿನ ಕಲ್ಲು ಮಾತ್ರ ಅರ್ಧ ಇಂಚು ಪುಡಿಯಾಗಿ ಕೈಗೆ ಬರುತ್ತದೆ. ಗುತ್ತಿಗೆದಾರ ಕಲ್ಲು ಹಳೆಯದಾಯಿತು ಎನ್ನುತ್ತಾನೆ. ಕಲ್ಲಿಗೆ ವಯಸ್ಸಾದದ್ದಲ್ಲ, ಅದರ ಮೂಗು ಮುಚ್ಚಿದ್ದು. ಪ್ಲಾಸ್ಟಿಕ್ ಪೇಂಟು ಮಾಡುವುದೂ ಇದನ್ನೇ, ಸ್ವಲ್ಪ ನಿಧಾನವಾಗಿ.

ಸರಿಯಾದ ಕೆಲಸ ಇಷ್ಟು: ಉದುರುವ ಭಾಗವನ್ನೆಲ್ಲ ಕೆರೆದು, ಸಂದಿಯನ್ನು ಮುಕ್ಕಾಲು ಇಂಚು ಆಳಕ್ಕೆ ಬಿಡಿಸಿ, ನೀರು ಚಿಮುಕಿಸಿ ತೋಯಿಸಿ, ಮೊದಲ ಪದರಕ್ಕೆ ಒಂದು ಪಾಲು ಸುಣ್ಣ ಮೂರು ಪಾಲು ಮರಳು, ಮೇಲಿನ ಪದರಕ್ಕೆ ಒಂದಕ್ಕೆ ಎರಡು. ಚಿಪ್ಪಿನ ಸುಣ್ಣ ಸಿಕ್ಕರೆ ಒಳ್ಳೆಯದು. ತೊಟ್ಟಿಯಲ್ಲಿ ಅರಳಿಸಿ ಕನಿಷ್ಠ ಎರಡು ವಾರ ನೀರಿನಡಿ ಇಡಬೇಕು. ಅರಳದೆ ಉಳಿದ ಕಾಳು ಗೋಡೆ ಏರಿದ ಮೇಲೆ ಅರಳಿದರೆ ಮೊಡವೆ ಒಡೆದಂತೆ ಅಲ್ಲಲ್ಲಿ ಹಳ್ಳ ಬೀಳುತ್ತದೆ. ಹೊಳೆಯ ಮರಳೇ ಇರಲಿ, ಅಳಿವೆಯ ಮರಳಿನ ಉಪ್ಪು ಬೇಡ. ಹಚ್ಚಿದ ಮೇಲೆ ಹತ್ತು ದಿನ ಗೋಣಿ ಕಟ್ಟಿ ಪಸೆ ಆರದಂತೆ ನೋಡಬೇಕು. ಈ ಕೆಲಸಕ್ಕೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯ ಕಾಲ. ಏಪ್ರಿಲಿನ ಬಿಸಿಲಿಗೆ ಸುಣ್ಣ ಹಿಡಿಯುವ ಮೊದಲೇ ಬಿರಿಯುತ್ತದೆ. ಕ್ರಿಸ್ಮಸ್ಸಿಗೆ ಮೊದಲು ಬಳಿಯುತ್ತಿದ್ದ ತೆಳು ಸುಣ್ಣ ಬರೀ ಹಬ್ಬದ ಶೃಂಗಾರವಲ್ಲ. ಮಳೆಗಾಲ ಕಳೆದು ಗೋಡೆ ಬಿಟ್ಟ ಬಿರುಕನ್ನು ಅದೇ ತುಂಬುತ್ತಿತ್ತು.

ಇನ್ನು ಮಾಡು, ಅಂದರೆ ಹಂಚಿನ ಚಾವಣಿ. ಸೆಮಿನರಿಯ ಅರ್ಧ ಆಯುಷ್ಯ ಅಲ್ಲಿದೆ.

ಬಾಸೆಲ್ ಮಿಷನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಹೊಳೆಯಂಚಿನ ಆವೆಮಣ್ಣು ದೋಣಿಯಲ್ಲಿ ಬರುತ್ತಿತ್ತು, ಸುಟ್ಟ ಹಂಚು ಹಡಗಿನಲ್ಲಿ ಹೋಗುತ್ತಿತ್ತು. ಮೂರೇ ವರ್ಷದಲ್ಲಿ ಆಲ್ಬುಕರ್ಕ್ ಮನೆತನದವರು ಪಾಣೆಮಂಗಳೂರಿನಲ್ಲಿ ತಮ್ಮದೇ ಕಾರ್ಖಾನೆ ಹಾಕಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನರ ಆಸ್ತಿಯೆಂದು ಮಿಷನ್ನಿನ ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು, ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಬಂದವು. ಹಳೆಯ ಹಂಚಿನ ಬೆನ್ನಲ್ಲಿ 1865 ಎಂದು ಕಂಡು, ಇದು ಆ ವರ್ಷದ ಹಂಚು ಎಂದು ಮನೆಯ ಶೋಕೇಸಿನಲ್ಲಿ ಇಟ್ಟವರಿದ್ದಾರೆ. ಅದು ಕಾರ್ಖಾನೆ ಹುಟ್ಟಿದ ವರ್ಷ, ಹಂಚಿನದಲ್ಲ.

ಲೆಕ್ಕ ಹೀಗೆ. ನೂರು ಚದರಡಿ ಮಾಡಿಗೆ ಸುಮಾರು 150 ಹಂಚು. ಒಂದರ ತೂಕ ಎರಡೂವರೆ ಕಿಲೋ. 120 ಅಡಿ ಉದ್ದ, ಜಗಲಿ ಸೇರಿ 30 ಅಡಿ ಅಗಲದ ಒಂದು ಸಾಲು ಕಟ್ಟಡ ಎಂದಿಟ್ಟುಕೊಳ್ಳಿ. ಸೂರು ಎರಡೂ ಕಡೆ ಎರಡೆರಡು ಅಡಿ ಹೊರಚಾಚಿ, ಇಳಿಜಾರು 33 ಡಿಗ್ರಿ ಇದ್ದರೆ ಮಾಡಿನ ವಿಸ್ತೀರ್ಣ ಸುಮಾರು 5,000 ಚದರಡಿ. ಹಂಚು 7,500. ಒಣ ತೂಕ ಸುಮಾರು 19 ಟನ್. ಹಂಚು ತನ್ನ ತೂಕದ ಆರರಲ್ಲೊಂದು ಪಾಲಿನವರೆಗೂ ನೀರು ಕುಡಿಯಬಲ್ಲದು. ಹಾಗಾಗಿ ಆಟಿಯ (ಜುಲೈ-ಆಗಸ್ಟ್) ಮಳೆಯಲ್ಲಿ ಅದೇ ಪಕ್ಕಾಸುಗಳ (ಮಾಡು ಹೊರುವ ಇಳಿಜಾರು ಮರಗಳ) ಮೇಲೆ ಎರಡು ಮೂರು ಟನ್ ಹೆಚ್ಚಿಗೆ ಕೂತಿರುತ್ತದೆ. ಬೇಸಿಗೆಯಲ್ಲಿ ನೇರ ಕಂಡ ಮೋಂಟು (ಮಾಡಿನ ನೆತ್ತಿಯ ಸಾಲು) ಮಳೆಗಾಲದಲ್ಲಿ ಬಳುಕಿ ಕಾಣುವುದು ಕಣ್ಣಿನ ದೋಷವಲ್ಲ.

ಇಳಿಜಾರು 30ರಿಂದ 35 ಡಿಗ್ರಿ ಇರಬೇಕು. ಅಡಿಗೆ ಏಳು ಎಂಟು ಇಂಚು ಏರಿದರೆ ಸರಿ. ಹೊಸ ಕಾಲದ ಸೇರ್ಪಡೆಗಳಲ್ಲಿ ಮರ ಉಳಿಸಲು 20 ಡಿಗ್ರಿಗೆ ಇಳಿಸುತ್ತಾರೆ. ನೆಟ್ಟಗೆ ಸುರಿಯುವ ಮಳೆಗೆ ಅದೂ ನಡೆಯುತ್ತದೆ. ಸಮುದ್ರದ ಕಡೆಯಿಂದ ಗಾಳಿ ಬೀಸಿದಾಗ ನೀರು ಹಂಚಿನ ಜೋಡಣೆಯಲ್ಲಿ ಮೇಲ್ಮುಖವಾಗಿ ಹತ್ತಿ ಒಳಗಿಳಿಯುತ್ತದೆ. ಹಂಚು ಕೂರುವ ಅಡ್ಡಪಟ್ಟಿಯೇ ರೀಪು. ರೀಪಿನಿಂದ ರೀಪಿಗೆ ಹನ್ನೆರಡೂವರೆ ಇಂಚು, ಆದರೆ ಟೇಪಿನ ಅಳತೆ ನಂಬಿ ಹೊಡೆಯಬಾರದು. ಹಾಕಲಿರುವ ಹಂಚಿನ ಹತ್ತನ್ನು ನೆಲದಲ್ಲಿ ಜೋಡಿಸಿ, ಎಳೆದು ಒಮ್ಮೆ ಒತ್ತಿ ಒಮ್ಮೆ ಅಳೆದು, ನಡುವಿನ ಅಳತೆ ಹಿಡಿಯಬೇಕು. ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚು ಬೇರೆ. ಒಂದರ ತೋಡಿಗೆ ಇನ್ನೊಂದರ ಏಣು ಕೂರುವುದಿಲ್ಲ. ಕೂತಂತೆ ಕಂಡರೂ ಕೂದಲೆಳೆ ಸಂದಿ ಉಳಿದಿರುತ್ತದೆ, ಗಾಳಿಮಳೆಗೆ ಅಷ್ಟು ಸಾಕು.

ಸೋರಿಕೆ ಹುಡುಕುವುದು ಒಂದು ವಿದ್ಯೆ. ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆ ಒಡೆದ ಹಂಚು ಇರುವುದು ಅಪರೂಪ. ಒಳಬಂದ ನೀರು ಪಕ್ಕಾಸಿನ ಅಡಿಯಲ್ಲೇ ಹರಿದು, ಗಂಟೋ ಮೊಳೆಯೋ ಸಿಕ್ಕಲ್ಲಿ ಬೀಳುತ್ತದೆ. ಅದಕ್ಕೆ ಮಳೆ ಬರುತ್ತಿರುವಾಗಲೇ ಅಟ್ಟಕ್ಕೆ ಹತ್ತಿ, ಟಾರ್ಚು ಹಿಡಿದು ಮೇಲ್ಮುಖವಾಗಿ ಗೆರೆ ಹಿಂಬಾಲಿಸಿ, ಸೀಮೆಸುಣ್ಣದಲ್ಲಿ ಗುರುತು ಹಾಕಿ ಬರಬೇಕು. ರಿಪೇರಿ ಮಳೆ ಬಿಟ್ಟ ಮೇಲೆ. ಹಂಚಿನ ಮೇಲೆ ನಡೆಯುವಾಗ ಬರಿಗಾಲು, ಹೆಜ್ಜೆ ಹಂಚಿನ ಕೆಳತುದಿಯಲ್ಲಿ, ಅಂದರೆ ಎರಡು ಹಂಚು ಒಂದರ ಮೇಲೊಂದು ಕೂತು ಅಡಿಯಲ್ಲಿ ರೀಪು ಇರುವ ಸಾಲಿನಲ್ಲಿ. ಹಂಚಿನ ನಡುಹೊಟ್ಟೆಗೆ ಕಾಲಿಟ್ಟರೆ ಒಂದು ಸೋರಿಕೆ ಸರಿಮಾಡಲು ಹೋಗಿ ಐದು ಮಾಡಿ ಬಂದಂತೆ. ಬಿರುಕಿಗೆ ಸಿಮೆಂಟು ಮೆತ್ತುವವರು ಇದ್ದಾರೆ. ಬಿಸಿಲಿಗೆ ಹಿಗ್ಗಿ ಕುಗ್ಗುವ ಹಂಚನ್ನು ಅದು ಕಟ್ಟಿಹಾಕುತ್ತದೆ, ಮರುವರ್ಷ ಪಕ್ಕದ ಹಂಚು ಒಡೆಯುತ್ತದೆ. ಸಿಮೆಂಟು ಅಂಟಿದ ಹಂಚನ್ನು ಒಡೆಯದೆ ತೆಗೆಯಲೂ ಆಗದು.

ಎರಡು ಮಾಡು ಕೂಡುವ ಓಣಿ ಎಲ್ಲಕ್ಕಿಂತ ಮೋಸದ ಜಾಗ. ಪ್ರಾರ್ಥನಾಲಯದ ಎತ್ತರದ ಮಾಡಿಗೆ ವಸತಿ ಸಾಲಿನ ಮಾಡು ಬಂದು ಸೇರುವಲ್ಲಿ ನೀರು ಹರಿಸುವ ತಗಡಿನ ದಂಬೆ ಇರುತ್ತದೆ. ಮಾವಿನೆಲೆ, ಗಾಳಿಮರದ ಸೂಜಿಗಳು ಮೇ ತಿಂಗಳಲ್ಲಿ ಅಲ್ಲಿ ಗೂಡು ಕಟ್ಟಿರುತ್ತವೆ. ವರ್ಷಕ್ಕೆ 3,500 ಮಿಲಿಮೀಟರ್ ಮಳೆ ಬೀಳುವ ಈ ಪಟ್ಟಿಯಲ್ಲಿ ಸಾವಿರ ಚದರ ಮೀಟರ್ ಮಾಡು ಹೊರುವ ನೀರು 35 ಲಕ್ಷ ಲೀಟರ್. ಅದರ ದೊಡ್ಡ ಪಾಲು ಜೂನ್, ಜುಲೈ, ಆಗಸ್ಟ್ ಮೂರೇ ತಿಂಗಳಲ್ಲಿ. ಒಂದು ಹಿಡಿ ಎಲೆ ದಂಬೆಗೆ ಅಡ್ಡ ಕೂತರೆ ಆ ನೀರೆಲ್ಲ ಗೋಡೆಯ ತಲೆಗೆ ಇಳಿಯುತ್ತದೆ. ಪಕ್ಕಾಸಿನ ತುದಿ ಗೋಡೆಯ ಮೇಲೆ ಕೂರುವ ಭಾಗ ಮೊದಲು ಕೊಳೆಯುವುದು ಹೀಗೆ. ಹೊರಗಿನಿಂದ ಬಣ್ಣ ಮಾಸಿಲ್ಲ, ಚೂರಿ ಚುಚ್ಚಿದರೆ ಹಿಡಿಯವರೆಗೆ ಇಳಿಯುತ್ತದೆ.

ಇದೆಲ್ಲ ತಲೆನೋವೇ ಬೇಡ ಎಂದು ಹಂಚು ಇಳಿಸಿ ಬಣ್ಣದ ತಗಡು ಹಾಕುವವರು ಹೆಚ್ಚಿದ್ದಾರೆ. ಮನೆಗೆ, ಗೋದಾಮಿಗೆ ಆದೀತು. ಸೆಮಿನರಿಗೆ ಮಾತ್ರ ಹೊಂದುವುದಿಲ್ಲ. ಮೌನವನ್ನು ವೇಳಾಪಟ್ಟಿಯಲ್ಲಿ ಬರೆದಿಟ್ಟುಕೊಂಡ ಸಂಸ್ಥೆ ಅದು. ಜುಲೈ ತಿಂಗಳ ಮಳೆ ತಗಡಿಗೆ ಬಡಿಯುವಾಗ ತರಗತಿಯ ಹಿಂದಿನ ಬೆಂಚಿಗೆ ಪಾಠ ಕೇಳುವುದಿಲ್ಲ, ಧ್ಯಾನದ ಮಾತಂತೂ ಬಿಡಿ. ಹಂಚಿನ ಮೇಲೆ ಬಿದ್ದ ಮಳೆಗೂ ಸದ್ದಿದೆ, ಆದರೆ ಅದು ಮಾತಿನ ಕೆಳಗೆ ಇರುತ್ತದೆ.

ಈಗ ಒಳಗಿನವರ ದಿನ. ಕೆಥೋಲಿಕ್ ಸೆಮಿನರಿಯ ವೇಳಾಪಟ್ಟಿ ಮನೆಯಿಂದ ಮನೆಗೆ ಹೆಚ್ಚುಕಮ್ಮಿ ಇದ್ದರೂ ಬೆನ್ನೆಲುಬು ಒಂದೇ. ಐದು ಐದೂವರೆಗೆ ಏಳುವ ಗಂಟೆ, ಧ್ಯಾನ, ಬೆಳಗಿನ ಪ್ರಾರ್ಥನೆ, ಬಲಿಪೂಜೆ, ತಿಂಡಿ, ತಿಂಡಿಯ ನಂತರ ಮುಕ್ಕಾಲು ಗಂಟೆ ಶುಚಿ ಕೆಲಸ, ಆಮೇಲೆ ಮಧ್ಯಾಹ್ನದ ತನಕ ತರಗತಿ. ಸಂಜೆ ಆಟ, ಸ್ನಾನ, ಓದು, ಜಪಸರ, ಊಟ, ರಾತ್ರಿ ಪ್ರಾರ್ಥನೆ. ಅಲ್ಲಿಂದ ಮರುದಿನ ಬೆಳಗಿನವರೆಗೆ ಯಾರೂ ಮಾತಾಡುವಂತಿಲ್ಲ. ತತ್ವಶಾಸ್ತ್ರ, ನಡುವೆ ಒಂದು ವರ್ಷ ಧರ್ಮಕೇಂದ್ರದಲ್ಲಿ ಕೆಲಸ, ಆಮೇಲೆ ದೇವಶಾಸ್ತ್ರ, ಎಲ್ಲ ಕೂಡಿ ಎಂಟು ಹತ್ತು ವರ್ಷ. ಈ ವರ್ಷಗಳುದ್ದಕ್ಕೂ ಬದಲಾಗದೆ ಉಳಿಯುವುದು ಆ ಮುಕ್ಕಾಲು ಗಂಟೆ.

ಸೂಚನಾ ಫಲಕದಲ್ಲಿ ಪಟ್ಟಿ ಇರುತ್ತದೆ. ಪ್ರಾರ್ಥನಾಲಯ ಇಬ್ಬರಿಗೆ, ಪುಸ್ತಕಾಲಯ ಇಬ್ಬರಿಗೆ, ಊಟದ ಮನೆ ನಾಲ್ವರಿಗೆ, ಪಂಪು ಒಬ್ಬನಿಗೆ, ದೀಪ ಮತ್ತು ಫ್ಯೂಸು ಒಬ್ಬನಿಗೆ, ಗಂಟೆ ಒಬ್ಬನಿಗೆ, ಉಳಿದವರಿಗೆ ಜಗಲಿ, ಮೆಟ್ಟಿಲು, ಅಂಗಳ. ಕೆಲವು ತಿಂಗಳಿಗೊಮ್ಮೆ ಬದಲು. ನೋಡಲು ಇದು ವಿನಯ ಕಲಿಸುವ ಉಪಾಯ. ಕಟ್ಟಡದ ಕಡೆಯಿಂದ ನೋಡಿದರೆ, ಎಂಬತ್ತು ಮಂದಿಯ ಮನೆಯಲ್ಲಿ ದಿನಾ ಎಂಬತ್ತು ಜೋಡಿ ಕಣ್ಣಿನ ತಪಾಸಣೆ. ಹಿಡಿಸೂಡಿ (ಪೊರಕೆ) ಹಿಡಿದು ಬಗ್ಗಿದವನಿಗೆ ತೊಲೆಯ ಕೆಳಗೆ ನೆಲದಲ್ಲಿ ಅಕ್ಕಿಹಿಟ್ಟಿನಷ್ಟು ನುಣುಪಾದ ಹಳದಿ ಪುಡಿ ಕಾಣುತ್ತದೆ. ನಿನ್ನೆ ಗುಡಿಸಿದಲ್ಲೇ ಇಂದು ಮತ್ತೆ ಬಿದ್ದಿದ್ದರೆ ಮೇಲೆ ಹುಳು ಕೊರೆಯುತ್ತಿದೆ ಎಂದು ಲೆಕ್ಕ. ಮೂಲೆಯಲ್ಲಿ ಪೆನ್ಸಿಲಿನಷ್ಟು ದಪ್ಪದ ಮಣ್ಣಿನ ಗೆರೆ ಗೋಡೆ ಹತ್ತಿದ್ದರೆ ಗೆದ್ದಲು. ಅದನ್ನು ಬರೀ ಕೆರೆದು ಹಾಕಿದರೆ ಸಾಲದು, ಎಲ್ಲಿಂದ ಎದ್ದಿದೆ ಎಂದು ನೆಲದವರೆಗೆ ಹುಡುಕಬೇಕು. ಹುಡುಗ ಹೋಗಿ ಮನೆಯ ಉಸ್ತುವಾರಿಯ ಫಾದರಿಗೆ, "ಫಾದರ್, ಮೇಲಿನ ಜಗಲಿಯ ಮೂರನೇ ತೊಲೆ ಪುಡಿ ಬಿಡ್ತಾ ಉಂಟು" ಎಂದರೆ ಬಡಗಿಗೆ ಅರ್ಧ ದಿನದ ಕೆಲಸ. ಯಾರೂ ಹೇಳದಿದ್ದರೆ ಮೂರು ವರ್ಷ ಬಿಟ್ಟು ಇಡೀ ತೊಲೆ.

ಈಗ ಹಲವು ಕಡೆ ಶುಚಿ ಕೆಲಸ ಗುತ್ತಿಗೆಗೆ ಹೋಗಿದೆ. ವಿದ್ಯಾರ್ಥಿಗಳ ಸಂಖ್ಯೆ ಇಳಿದದ್ದು ಒಂದು ಕಾರಣ, ಓದಿನ ಹೊರೆ ಏರಿದ್ದು ಇನ್ನೊಂದು. ನೆಲ ಮೊದಲಿಗಿಂತ ಹೊಳೆಯುತ್ತದೆ, ಸುಳ್ಳಲ್ಲ. ಆದರೆ ಗುತ್ತಿಗೆಯವರಿಗೆ ಪುಡಿ ಎಂದರೆ ಒರೆಸಬೇಕಾದ ಕಸ. ಅದು ಎಲ್ಲಿಂದ ಬಿತ್ತು ಎಂದು ತಲೆಯೆತ್ತಿ ನೋಡಲು ಯಾರೂ ಅವರಿಗೆ ಸಂಬಳ ಕೊಡುವುದಿಲ್ಲ.

ಗಂಟೆಯ ಬಗ್ಗೆಯೂ ಒಂದು ಮಾತು ಹೇಳಬೇಕು. ಎರಕದ ಗಂಟೆಯಲ್ಲಿ ತಾಮ್ರ ಐದರಲ್ಲಿ ನಾಲ್ಕು ಪಾಲು, ಉಳಿದದ್ದು ತವರ. ತವರ ಸೇರಿದ್ದಕ್ಕೇ ನಾದ, ಅದೇ ಕಾರಣಕ್ಕೆ ಗಾಜಿನ ಹಾಗೆ ಬಿರಿಯುವ ಗುಣ. ದೊಡ್ಡ ಗಂಟೆ ತೂಗಿ ಬಾರಿಸುವಂಥದ್ದು. ತೂಗಲು ಕಷ್ಟವೆಂದು ನಾಲಗೆಗೇ ಹಗ್ಗ ಕಟ್ಟಿ ಎಳೆದರೆ ನಾಲಗೆ ತಾಗಿ ಹಿಂದೆ ಸರಿಯುವುದಿಲ್ಲ, ಅಲ್ಲೇ ಒತ್ತಿ ನಿಲ್ಲುತ್ತದೆ. ಕಂಪಿಸಬೇಕಾದ ಲೋಹಕ್ಕೆ ಕಂಪಿಸಲು ಎಡೆಯಿಲ್ಲ. ಗಂಟೆಗಳು ಬಿರುಕು ಬಿಡುವುದು ಬಹಳಷ್ಟು ಹೀಗೆಯೇ. ನಾಲಗೆ ದಶಕಗಟ್ಟಲೆ ಒಂದೇ ಜಾಗಕ್ಕೆ ಬಡಿದು ಹೊಂಡ ಬಿದ್ದಿದ್ದರೆ ಗಂಟೆಯನ್ನು ಕಾಲು ಸುತ್ತು ತಿರುಗಿಸಿ ಮತ್ತೆ ತೂಗಹಾಕುತ್ತಾರೆ. ಉಪ್ಪುಗಾಳಿ ತಿನ್ನುವುದು ಗಂಟೆಯನ್ನಲ್ಲ, ಅದನ್ನು ಹಿಡಿದ ಕಬ್ಬಿಣದ ಬೋಲ್ಟನ್ನು. ವರ್ಷಕ್ಕೊಮ್ಮೆ ಅಲ್ಲಿಗೆ ಹತ್ತಿ ಗ್ರೀಸು ಹಚ್ಚುವವನು ಕೆಳಗಿಳಿಯುವಾಗ ಗೋಪುರದ ಕಿಟಕಿಯಿಂದ ಇಡೀ ಮಾಡನ್ನು ಮೇಲಿಂದ ನೋಡಿಯೇ ಇಳಿಯುತ್ತಾನೆ. ವಿದ್ಯುತ್ ಬೆಲ್ಲು ಬಂದ ಮೇಲೆ ಆ ನೋಟ ನಿಂತಿತು.

ಅಡುಗೆಮನೆಯ ಲೆಕ್ಕ ಚಿಕ್ಕದು. ಎಂಬತ್ತು ಮಂದಿಗೆ ಒಂದು ಹೊತ್ತಿಗೆ ಕುಚ್ಚಲಕ್ಕಿ 12ರಿಂದ 14 ಕಿಲೋ, ಬೇಯಲು ಒಂದು ಗಂಟೆಗೆ ಕಡಿಮೆಯಿಲ್ಲ. ಪದಾರ್ಥಕ್ಕೆ ಎಂಟು ಹತ್ತು ತೆಂಗಿನಕಾಯಿ. ಇದು ಸೌದೆ ಒಲೆಯಲ್ಲಿ ನಡೆಯುತ್ತಿದ್ದಾಗ ಹೊಗೆ ಹಂಚಿನ ಸಂದಿಯಿಂದ ಹೊರಹೋಗುತ್ತ ಪಕ್ಕಾಸು ರೀಪುಗಳಿಗೆ ಕರಿ ಹಿಡಿಸುತ್ತಿತ್ತು. ಆ ಕರಿ ಹಿಡಿದ ಮರಕ್ಕೆ ಹುಳು ಬರುತ್ತಿರಲಿಲ್ಲ, ಮಳೆಗಾಲದಲ್ಲೂ ಮಾಡು ಒಣಗಿರುತ್ತಿತ್ತು. ಗ್ಯಾಸು ಬಂದದ್ದು ಒಳ್ಳೆಯದೇ, ಅಡುಗೆಯವರ ಕಣ್ಣು ಎದೆ ಉಳಿಯಿತು. ಆದರೆ ಹೊಗೆ ಮಾಡುತ್ತಿದ್ದ ಕೆಲಸವನ್ನು ಈಗ ಇನ್ನೇನಾದರೂ ಮಾಡಬೇಕಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಗೇರೆಣ್ಣೆ (ಗೇರುಬೀಜದ ಸಿಪ್ಪೆಯ ಎಣ್ಣೆ) ಬಳಿಯುವುದು ನಮ್ಮ ಕಡೆಯ ಉಪಾಯ. ಒಣ ಮರಕ್ಕೆ, ಮಾರ್ಚ್ ತಿಂಗಳಲ್ಲಿ, ಕೈಗೆ ಗವುಸು ಹಾಕಿ. ಬರಿಗೈಗೆ ತಾಗಿದರೆ ಸುಟ್ಟ ಹಾಗೆ ಗುಳ್ಳೆ ಏಳುತ್ತದೆ.

ಮಲಗುವ ಕೋಣೆಯ ಕಥೆ ಇದಕ್ಕಿಂತ ಸೂಕ್ಷ್ಮ. ಹಳೆಯ ಸೆಮಿನರಿಗಳಲ್ಲಿ ಉದ್ದನೆಯ ಒಂದೇ ಕೋಣೆ, ಎರಡೂ ಬದಿ ಎದುರೆದುರು ಕಿಟಕಿ, ನಡುವೆ ಮಂಚದ ಸಾಲು. ಸಮುದ್ರದ ಗಾಳಿ ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಹೊರಡುತ್ತಿತ್ತು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಮುಗಿಯಿತು, ಸೆಮಿನರಿಯ ತರಬೇತಿಯ ರೀತಿಯೇ ಬದಲಾಯಿತು. ಪಾಠದಿಂದ ಲ್ಯಾಟಿನ್ ಹಿಂದೆ ಸರಿಯಿತು, ಪ್ರತಿಯೊಬ್ಬನ ಓದಿಗೆ, ಏಕಾಂತಕ್ಕೆ ಬೆಲೆ ಬಂತು. ನ್ಯಾಯವಾದ ಬದಲಾವಣೆ. ಅದಕ್ಕಾಗಿ ಉದ್ದ ಕೋಣೆಗಳನ್ನು ಪ್ಲೈವುಡ್ಡಿನಿಂದ ಪಾಲು ಮಾಡಿ ನಡುವೆ ಓಣಿ ಬಿಟ್ಟಲ್ಲಿ ಪ್ರತಿ ಪಾಲಿಗೆ ಒಂದೇ ಕಿಟಕಿ ಉಳಿಯಿತು, ಗಾಳಿ ನಿಂತಿತು. ಆಟಿಯಲ್ಲಿ ಚರ್ಮದ ಚಪ್ಪಲಿ, ಬೆಲ್ಟು, ಗೋಡೆಗೆ ಆನಿಸಿದ ಕಪಾಟಿನ ಬೆನ್ನು ಎಲ್ಲಕ್ಕೂ ಬೂಸು (ಶಿಲೀಂಧ್ರ). ಪಾಲು ಬೇಕೇ ಬೇಕು ಎಂದಾದರೆ ಹಲಗೆಯನ್ನು ಏಳಡಿಗೆ ನಿಲ್ಲಿಸಬೇಕು, ಮೇಲೆ ಮಾಡಿನವರೆಗೆ ಬಿಟ್ಟಿರಬೇಕು, ಬಾಗಿಲಿನ ತಲೆಯಲ್ಲಿ ಜಾಲರಿ ಇರಬೇಕು. ಪಕ್ಕದವನ ಗೊರಕೆ ಕೇಳುತ್ತದೆ, ಅದು ಬೂಸಿಗಿಂತ ವಾಸಿ.

ಖಾಲಿ ಕೋಣೆಯದೇ ದೊಡ್ಡ ಸಮಸ್ಯೆ. ಮಂದಿ ಕಡಿಮೆಯಾದ ಮೇಲೆ ಒಂದು ಸಾಲನ್ನೇ ಬೀಗ ಹಾಕಿ ಇಡುತ್ತಾರೆ. ಕಾಸರಗೋಡಿನ ಹಳೆಯ ಗುತ್ತಿನ ಮನೆಗಳಲ್ಲಿ ಬೆಂಗಳೂರು, ದುಬೈ ಸೇರಿದವರ ಕೋಣೆಗಳಿಗೆ ಏನಾಗುತ್ತದೋ ಅದೇ ಇಲ್ಲೂ. ಬೀಗ ಹಾಕುವುದಾದರೆ ಕಿಟಕಿಯ ಗಾಜನ್ನು ತೆಗೆದು ಜಾಲರಿ ಹೊಡೆಯಿರಿ, ಹಾಸಿಗೆ, ಗೋಣಿ, ರಟ್ಟು ಒಂದನ್ನೂ ಒಳಗೆ ಬಿಡಬೇಡಿ, ವಾರಕ್ಕೊಮ್ಮೆ ತೆರೆದು ಗುಡಿಸಿ. ಹಳೆಯ ಪೇಪರು, ಮುರಿದ ಬೆಂಚು ತುಂಬಿಸಿ ಬೀಗ ಹಾಕಿದ ಕೋಣೆ ಗೆದ್ದಲಿಗೆ ಬಿಟ್ಟ ಜಾಗ.

ಜಗಲಿಯನ್ನು ಮುಚ್ಚುವುದೂ ಇಂಥದ್ದೇ ತಪ್ಪು. ಎಂಟು ಹತ್ತು ಅಡಿಯ ಜಗಲಿ ಇರುವುದು ಅಡ್ಡಾಡಿ ಜಪ ಮಾಡಲು ಮಾತ್ರವಲ್ಲ, ಮುಖ್ಯ ಗೋಡೆಗೆ ಇರಚಲು ತಾಗದಿರಲು. ಅಲ್ಯುಮಿನಿಯಮ್ ಕಿಟಕಿ ಕೂರಿಸಿ ಅದನ್ನು ಕಂಪ್ಯೂಟರ್ ಕೋಣೆ ಮಾಡಿದರೆ ಹೊರಗಿನ ಕಂಬಸಾಲು ನೆನೆಯುವ ಗೋಡೆಯಾಗುತ್ತದೆ, ಒಳಗಿನ ಕೋಣೆಗೆ ಹಗಲಲ್ಲೂ ದೀಪ ಬೇಕಾಗುತ್ತದೆ.

ಪುಸ್ತಕಾಲಯಕ್ಕೆ ಬಂದರೆ ಬಲ್ಮಠದ ಹೆಸರು ಹೇಳಲೇಬೇಕು. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಹಾಕಿ, 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ತಂದ ಹರ್ಮನ್ ಮೋಗ್ಲಿಂಗರ ಮಿಷನ್ನು ಅದು. 1894ರಲ್ಲಿ ಕಿಟ್ಟೆಲರ ನಿಘಂಟು ಅಚ್ಚಾದದ್ದೂ ಆ ಮುದ್ರಣಾಲಯದಲ್ಲೇ. ಆ ಪರಂಪರೆಯ ಹಳೆಯ ಪುಸ್ತಕ, ಕಾಗದಪತ್ರ ಕಾಲೇಜಿನ ಪತ್ರಾಗಾರದಲ್ಲಿವೆ. ಇಂಥ ಸಂಗ್ರಹಗಳಿಗೆ ಶತ್ರು ಒಳಗೇ ಇರುತ್ತಾನೆ. ಆ ಕಾಲದ ಕಬ್ಬಿಣದ ಶಾಯಿ ಕಾಗದವನ್ನು ನಿಧಾನವಾಗಿ ಸುಡುತ್ತದೆ. ಒತ್ತಿ ಬರೆದ ಅಕ್ಷರದ ಜಾಗದಲ್ಲಿ ಅಕ್ಷರದ ಆಕಾರದ್ದೇ ತೂತು. ತೇವ ಹೆಚ್ಚಿದಷ್ಟೂ ಬೇಗ.

ಗಾಳಿಯ ತೇವ ನೂರಕ್ಕೆ 65 ದಾಟಿದರೆ ಬೂಸು ಬೆಳೆಯತೊಡಗುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ಅದು 85ರ ಮೇಲೆ. ಪುಸ್ತಕಕ್ಕೆ ಗಾಳಿ ಬೇಕು ಎಂದು ಮಳೆಯ ದಿನ ಕಿಟಕಿ ತೆರೆದಿಡುವುದು ಎಲ್ಲರೂ ಮಾಡುವ ತಪ್ಪು. ಹೊರಗಿನ ಗಾಳಿಯೇ ಒದ್ದೆ ಇರುವಾಗ ತೆರೆದರೆ ಒಳಬರುವುದು ನೀರೇ. ಆಗ ಮುಚ್ಚಿಟ್ಟು ಫ್ಯಾನು ಹಾಕಬೇಕು, ಬಿಸಿಲು ಬಿಟ್ಟ ಮಧ್ಯಾಹ್ನ ತೆರೆಯಬೇಕು. ಕಪಾಟು ಹೊರಗೋಡೆಗೆ ತಾಗಿರಬಾರದು, ನಡುವೆ ಒಂದು ಗೇಣು ಬಿಡಿ. ಕೆಳಗಿನ ಹಲಗೆ ನೆಲದಿಂದ ಅರ್ಧ ಅಡಿ ಮೇಲಿರಲಿ. ನುಸಿಗುಳಿಗೆ ಹುಳುವನ್ನು ದೂರ ಇಟ್ಟೀತು, ಬೂಸಿಗೆ ಅದರ ಭಯವಿಲ್ಲ. ಹರಿದ ಪುಟಕ್ಕೆ ಸೆಲ್ಲೋಟೇಪು ಹಚ್ಚಿದವರನ್ನು ಮುಂದಿನ ತಲೆಮಾರು ಕ್ಷಮಿಸುವುದಿಲ್ಲ. ಟೇಪು ಉದುರಿ ಹೋಗುತ್ತದೆ, ಅಂಟು ಕಂದು ಪಟ್ಟಿಯಾಗಿ ಕಾಗದದೊಳಗೆ ಉಳಿಯುತ್ತದೆ. ನವೆಂಬರಿನಲ್ಲಿ ಮೋಡ ಹರಿದ ಮೇಲೆ ಒಂದೊಂದೇ ಪುಸ್ತಕ ಇಳಿಸಿ, ಮೃದು ಕುಂಚದಲ್ಲಿ ಬೆನ್ನಿನಿಂದ ಹೊರಮುಖವಾಗಿ ಧೂಳು ತೆಗೆಯುವ ಕೆಲಸ ಇಪ್ಪತ್ತು ಮಂದಿಗೆ ಒಂದು ವಾರದ್ದು. ಮೂವರಿದ್ದರೆ ಅದು ಆಗುವುದೇ ಇಲ್ಲ.

ಊರು ಬೆಳೆದದ್ದರ ತೊಂದರೆಯೂ ಇದೆ. ಸೆಮಿನರಿ ಕಟ್ಟಿದಾಗ ಅದು ಪಟ್ಟಣದ ಹೊರಗಿನ ಗುಡ್ಡ, ಈಗ ಸುತ್ತ ಹದಿನೈದು ಮಾಳಿಗೆ. ರಸ್ತೆಗೆ ಪ್ರತಿ ಸಲ ಡಾಮರು, ಆಮೇಲೆ ಕಾಂಕ್ರೀಟು ಏರಿ ಏರಿ ಕಂಪೌಂಡಿನ ಒಳನೆಲ ತಗ್ಗಾಗಿದೆ. ರಸ್ತೆಯ ನೀರು ಗೇಟಿನಿಂದ ಒಳಗೆ ಬಂದು ಅಡಿಪಾಯದ ಬುಡದಲ್ಲಿ ನಿಲ್ಲುತ್ತದೆ. ಅಂಗಳಕ್ಕೆ ಇಂಟರ್‌ಲಾಕ್ ಹಾಸಿದರೆ ಕೆಸರು ತಪ್ಪುತ್ತದೆ, ನೀರು ಇಂಗುವುದೂ ತಪ್ಪುತ್ತದೆ. ತಲೆಗೆ 135 ಲೀಟರಿನಂತೆ ಎಂಬತ್ತು ಮಂದಿಗೆ ದಿನಕ್ಕೆ 10,800 ಲೀಟರ್ ಬೇಕು. ಮೇಲೆ 35 ಲಕ್ಷ ಲೀಟರ್ ಸುರಿದು ಚರಂಡಿ ಸೇರಿದ ಅದೇ ಆವರಣಕ್ಕೆ ಏಪ್ರಿಲಿನಲ್ಲಿ ಟ್ಯಾಂಕರ್ ಬರುವುದನ್ನು ನೋಡಿದರೆ ನಗು ಬರುತ್ತದೆ. ಗೋಡೆಯಿಂದ ಮೂರಡಿ ಅಗಲಕ್ಕೆ ಇಳಿಜಾರಿನ ಕಲ್ಲುಹಾಸು, ಅದರಾಚೆ ತೆರೆದ ತೋಡು, ತೋಡಿನ ತುದಿಯಲ್ಲಿ ಜಲ್ಲಿ ಮರಳಿನ ಹೊಂಡ, ಅಲ್ಲಿಂದ ಬಾವಿಯ ಕಡೆಗೆ. ಇಷ್ಟು ಮಾಡಿದರೆ ಗೋಡೆಯೂ ಒಣಗುತ್ತದೆ, ಬಾವಿಯೂ ತುಂಬುತ್ತದೆ.

ಕೊನೆಗೆ ಅಡುಗೆಮನೆಯ ಹಿಂದೆ ಪೇರಿಸಿಟ್ಟ ಹಂಚಿನ ರಾಶಿ. ಹಳೆಯ ಕಟ್ಟಡ ಕೆಡವಿದಲ್ಲಿಂದ ತಂದದ್ದು, ಮಾಡು ಬಿಚ್ಚಿದಾಗ ಉಳಿದದ್ದು. ಒಟ್ಟು ಹಂಚಿನ ನೂರಕ್ಕೆ ಐದರಷ್ಟಾದರೂ, ಅಂದರೆ ಆ ಒಂದು ಸಾಲಿಗೆ 375, ಅದೇ ಅಚ್ಚಿನವು ಕೈಯಲ್ಲಿರಬೇಕು. ಆ ಅಚ್ಚು ಒತ್ತುತ್ತಿದ್ದ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ, ಹೊಸದಾಗಿ ಸಿಗುವುದಿಲ್ಲ. ಅಡ್ಡ ಮಲಗಿಸಿ ಪೇರಿಸಿದರೆ ಕೆಳಗಿನವು ಮೇಲಿನ ಭಾರಕ್ಕೆ ಒಡೆಯುತ್ತವೆ. ನೆಟ್ಟಗೆ ನಿಲ್ಲಿಸಿ, ಕಾರ್ಖಾನೆಯ ಮುದ್ರೆ ಓದುವಂತೆ ಹೊರಮುಖ ಮಾಡಿ, ಕೆಳಗೆ ಎರಡು ರೀಪು ಕೊಟ್ಟು, ಮುದ್ರೆ ಮುದ್ರೆಗೆ ಬೇರೆ ಸಾಲು ಮಾಡಬೇಕು. ಆಮೇಲೆ ಪ್ರತಿಯೊಂದನ್ನೂ ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ, ಟಣ್ ಎಂದವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ಸಂಖ್ಯೆಯನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುವುದು ಮೇ ತಿಂಗಳ ಮೊದಲ ವಾರದ ಕೆಲಸ.